ಅತ್ತೆಯ ಮಂಚದ ಮೇಲೊಂದು ಬೀದಿ

ಆ ಬೀದಿಯ ದರ್ಜಿಯ ಹಾಗೆ ಅಳತೆ ತೆಗೆಯುವವನು ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಸೊಂಟ, ತೋಳು ಮೂರೂ ಇವನ ಕಣ್ಣಿನಲ್ಲಿ ದಾಖಲಾಗಿಬಿಟ್ಟಿರುತ್ತಿದ್ದವು. ಕೊರಳಲ್ಲಿ ನೇತಾಡುತ್ತಿದ್ದ ಟೇಪು ಬರೀ ಮರ್ಯಾದೆಗೆ. ಅವನು ಕತ್ತರಿ ಎತ್ತಿದನೆಂದರೆ ಬಟ್ಟೆ ಹೆದರಿಕೊಂಡು ಅರ್ಧ ತಾನಾಗಿಯೇ ಸೀಳಿಕೊಳ್ಳುತ್ತಿತ್ತು, ಉಳಿದರ್ಧವನ್ನಷ್ಟೇ ಅವನು ಕತ್ತರಿಸಬೇಕಿತ್ತು. ಅವನು ಹೊಲಿದ ಕೋಟು ತೊಟ್ಟುಕೊಂಡು ಹೋದ ಒಬ್ಬ ಬಡ ಗುಮಾಸ್ತನಿಗೆ ಕಚೇರಿಯವರೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರಂತೆ. ಅವರ ಜೊತೆ ಸಾಹೇಬರೂ ಎದ್ದು ನಿಂತರಂತೆ.

ಇಂಥ ಮಹಾಶಯನಿಗೆ ಬೀದಿಯವರು ಇಟ್ಟ ಹೆಸರು 'ಅರ್ಧ ಇಂಚು'. ಏಕೆಂದರೆ ಯಾವ ಬಟ್ಟೆಯನ್ನು ಕತ್ತರಿಸಿದರೂ ಹೊಲಿಗೆಗೆ ಬೇಕಾದಷ್ಟು ಬಿಟ್ಟು, ಅದರ ಮೇಲೆ ಇನ್ನೂ ಅರ್ಧ ಇಂಚು ಒಳಗೆ ಮಡಿಸಿಡುತ್ತಿದ್ದ. "ನಾಳೆ ನೀವು ದಪ್ಪ ಆಗ್ತೀರಿ. ಆವಾಗ ಬಿಚ್ಚಿಕೊಡೋಕೆ ಬೇಕಲ್ಲ!" ಎನ್ನುತ್ತಿದ್ದ, ಕಡ್ಡಿಯ ಹಾಗಿದ್ದವರಿಗೂ. ಇಪ್ಪತ್ತು ವರ್ಷಗಳಲ್ಲಿ ಆ ಬೀದಿಯ ಹೊಟ್ಟೆಗಳು ಬೆಳೆದದ್ದೆಲ್ಲ ಅವನು ಬಿಟ್ಟ ಅರ್ಧ ಇಂಚಿನ ಒಳಗೇ.

ಅವನು ಹೆದರುತ್ತಿದ್ದದ್ದು ಒಬ್ಬರೇ ಒಬ್ಬರಿಗೆ, ಹೆಂಡತಿಯ ತಾಯಿಗೆ. ಕೆಳಗೆ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ; ಆ ಮನೆಯ ಕಿಟಕಿಯಲ್ಲಿ ಅತ್ತೆ ಹದಿನೇಳು ವರ್ಷದಿಂದ ಕುಳಿತಿದ್ದರು. ಅವರ ಕಣ್ಣು ತಪ್ಪಿಸಿ ಆ ಬೀದಿಯಲ್ಲಿ ಒಂದು ಬೆಕ್ಕು ಕೂಡ ದಾಟಿದ್ದಿಲ್ಲ. ಯಾರ ಮನೆಗೆ ಯಾರು ಬಂದರು, ಬರುವಾಗ ಕೈಯಲ್ಲಿ ಏನಿತ್ತು, ಹೋಗುವಾಗ ಏನಿರಲಿಲ್ಲ, ಎಲ್ಲ ಬಾಯಿಪಾಠ. ಅಂಚೆಯವನೇ ವಿಳಾಸ ಸಿಗದಿದ್ದರೆ ಕತ್ತೆತ್ತಿ ಅವರನ್ನು ಕೇಳುತ್ತಿದ್ದ. ಇನ್ನು ಅವರ ನಾಲಿಗೆ! ಅದರ ಮುಂದೆ ದರ್ಜಿಯ ಕತ್ತರಿ ಮೊಂಡು. ಅಳಿಯ ಮೆಟ್ಟಿಲು ಹತ್ತಿ ಬಂದನೋ, "ಬಂದರಪ್ಪಾ ಅಳಿಯಂದಿರು! ಒಂದು ಗುಂಡಿ ಹಾಕೋಕೆ ಇವತ್ತು ಎಷ್ಟು ಗಂಟೆ ಆಯ್ತು?" ಎಂದು ಶುರುವಾಗುತ್ತಿತ್ತು. ಹದಿನೇಳು ವರ್ಷ, ದಿನಕ್ಕೆರಡು ಸಲ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದವರಲ್ಲ.

ಆ ನಾಲಿಗೆ ಈಗ ನಿಂತುಹೋಗಿತ್ತು.

ಆದದ್ದಿಷ್ಟು. ಒಂದು ಬೆಳಿಗ್ಗೆ ಅರ್ಧ ಇಂಚು ಅವಸರದಲ್ಲಿ ಮನೆಯಲ್ಲೇ ಒಂದು ಅಂಗಿಯ ಅಂಚು ಹೊಲಿದು, ದಾರದ ರೀಲನ್ನು ನೆಲದ ಮೇಲೆ ಬಿಟ್ಟು ಕೆಳಗೆ ಹೋದ. ಕಿಟಕಿಯ ಕಡೆ ಹೊರಟ ಅತ್ತೆ ಅದರ ಮೇಲೆ ಕಾಲಿಟ್ಟರು. ತೊಡೆಯ ಮೂಳೆ ಸೊಂಟದ ಹತ್ತಿರ ಬಿರುಕು ಬಿಟ್ಟಿತು. ಸದ್ದು ಕೇಳಿ ಓಡಿಬಂದ ಅಳಿಯ ಅವರನ್ನು ಎತ್ತುವಾಗ ರೀಲು ಉರುಳಿಕೊಂಡು ಅವನ ಕಾಲಿನ ಹತ್ತಿರವೇ ಬಂದು ನಿಂತಿತು. ಅತ್ತೆ ಅದನ್ನು ನೋಡಿದರು, ಅಳಿಯನನ್ನು ನೋಡಿದರು. ಅವನು ಬೈಗುಳಕ್ಕೆ ತಲೆಬಾಗಿಸಿಕೊಂಡು ನಿಂತ. ಬೈಗುಳ ಬರಲಿಲ್ಲ. ಅವನು ನಿಜವಾಗಿ ಹೆದರಿದ್ದು ಆಗಲೇ.

ಡಾಕ್ಟರು ಆರು ವಾರ ಅಂಗಾತ ಮಲಗಿರಬೇಕೆಂದರು. ಕಾಲಿನ ಎರಡೂ ಬದಿಗೆ ಮರಳಿನ ಚೀಲಗಳನ್ನಿಟ್ಟು, ಮಂಚಕ್ಕೆ ಯಾರೂ ಒರಗಬಾರದು, ಅದನ್ನು ಅಲುಗಾಡಿಸಬಾರದು ಎಂದು ಬೆರಳು ಎತ್ತಿ ಹೇಳಿದರು. ಮಂಚ ಕಿಟಕಿಯ ಗೋಡೆಗೇ ಇತ್ತು. ಆದರೆ ಅಂಗಾತ ಮಲಗಿದವರಿಗೆ ಕಿಟಕಿಯಿಂದ ಏನು ಕಾಣುತ್ತದೆ? ಚೌಕಟ್ಟಿನ ತಳ, ಅಷ್ಟೆ. ಅತ್ತೆ ಸೂರು ನೋಡುತ್ತ ಮಲಗಿದರು. ಮಗಳ ಜೊತೆಯೂ ಮಾತಿಲ್ಲ, ಮೊಮ್ಮಗಳ ಜೊತೆಯೂ ಮಾತಿಲ್ಲ. ಬೆಳಿಗ್ಗೆ ಅರ್ಧ ಲೋಟ ಹಾಲು, ಸಂಜೆ ಅದೂ ಇಲ್ಲ. ಒಂಬತ್ತನೆಯ ದಿನ ಬಂದ ಡಾಕ್ಟರು ಹೊರಗೆ ಮೆಟ್ಟಿಲ ಹತ್ತಿರ ನಿಂತು ದನಿ ತಗ್ಗಿಸಿದರು:

"ಮೂಳೆ ಕೂಡ್ತಾ ಇದೆ. ಮನುಷ್ಯ ಕರಗ್ತಾ ಇದ್ದಾರೆ. ಅವರಿಗೆ ಏಳಬೇಕು ಅಂತ ಅನ್ನಿಸಬೇಕಲ್ಲ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ."

ಅರ್ಧ ಇಂಚು ಅಂಗಡಿಗೆ ಹೋಗಿ ಒಂದು ಪ್ಯಾಂಟಿಗೆ ಮೂರು ಕಾಲು ಕತ್ತರಿಸಿದ. ಬೈಗುಳ ತಿನ್ನದೆ ಅವನ ಕೈ ಓಡುತ್ತಿರಲಿಲ್ಲ. ಅತ್ತೆ ಒಂದೇ ಒಂದು ಸಲ "ದಂಡಪಿಂಡ" ಎಂದಿದ್ದರೆ ಆ ಮಾತನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದನೇನೋ.

ಆ ಸಂಜೆಯೇ ಮಗಳು ಶಾಲೆಯಿಂದ ಒಂದು ಹಾಳೆ ತಂದಳು. ಹದಿಮೂರು ವರ್ಷದ ಆ ಹುಡುಗಿಗೆ ಮನೆಯಲ್ಲಿ 'ಮೇಷ್ಟ್ರು' ಎಂದೇ ಹೆಸರು. ಮಾತು ಬಂದ ದಿನದಿಂದ ಮನೆಯವರ ತಪ್ಪು ತಿದ್ದುತ್ತಿದ್ದಳು. ಹಾಳೆಯಲ್ಲಿ ವಿಜ್ಞಾನದ ಟೀಚರು ಬರೆದಿದ್ದರು: ಮನೆಯವರೆಲ್ಲ ಸೇರಿ ಒಂದು ಸಾಧನ ಕಟ್ಟಬೇಕು, ಕೊಂಡು ತಂದದ್ದಾಗಬಾರದು, ಮನೆಯ ಪ್ರತಿಯೊಬ್ಬರಿಗೂ ಅದರಲ್ಲಿ ಕೆಲಸವಿರಬೇಕು.

"ನಿಂಬೆಹಣ್ಣಿನಿಂದ ದೀಪ ಉರಿಸೋಣ. ಸುಲಭ," ಎಂದಳು ಮೇಷ್ಟ್ರು. "ಆದರೆ ಅಜ್ಜಿಗೆ ಏನು ಕೆಲಸ ಕೊಡೋದು? ಮಾತೇ ಆಡಲ್ಲ."

ಅರ್ಧ ಇಂಚು ಹಾಳೆಯನ್ನು ಕಿತ್ತುಕೊಂಡು ನೋಡಿದ. ಕೆಳಗೆ ಮಾದರಿಗೆಂದು ಹಾಕಿದ್ದ ಚಿತ್ರಗಳಲ್ಲಿ ಮೂರನೆಯದರ ಮೇಲೆ ಅವನ ಬೆರಳು ನಿಂತಿತು. ಗೋಡೆಯ ಹಿಂದೆ ಬಗ್ಗಿ ನಿಂತ ಒಬ್ಬ ಮನುಷ್ಯ, ಕೈಯಲ್ಲಿ ಉದ್ದನೆಯ ಡಬ್ಬ. ಗೋಡೆಯ ಆಚೆ ಇರುವುದೆಲ್ಲ ಅವನಿಗೆ ಕಾಣುತ್ತಿದೆ.

"ಇದೇನಿದು?"

"ಪೆರಿಸ್ಕೋಪು. ಮೇಲೊಂದು ಕನ್ನಡಿ, ಕೆಳಗೊಂದು ಕನ್ನಡಿ."

"ಇದೇ ಮಾಡೋಣ," ಎಂದ ಅರ್ಧ ಇಂಚು. ಅವನ ದನಿ ಹೇಗಿತ್ತೆಂದರೆ ಅಡುಗೆಮನೆಯಲ್ಲಿದ್ದ ಹೆಂಡತಿ ಕೈಯೊರೆಸಿಕೊಂಡು ಈಚೆ ಬಂದಳು.

ಹೆಂಡತಿ ಪುಸ್ತಕಗಳ ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ರಟ್ಟು, ಅಂಟು, ಚಾಕು, ಇವು ಮೂರು ಅವಳ ಕೈಸೇರಿದರೆ ಅರಮನೆ ಕಟ್ಟಿಕೊಡುತ್ತಿದ್ದಳು, ಅದೂ ಮಳೆಗೆ ನೆನೆಯದ ಅರಮನೆ. ಅವಳು ಕತ್ತರಿಸಿದ ರಟ್ಟಿನ ಅಂಚಿನ ಮೇಲೆ ಗೋಲಿಯಿಟ್ಟರೆ ಯಾವ ಕಡೆಗೆ ಉರುಳಬೇಕೆಂದು ತಿಳಿಯದೆ ಅಲ್ಲೇ ನಿಲ್ಲುತ್ತಿತ್ತು. ಅವಳು ಚಿತ್ರ ನೋಡಿ ತಲೆಯಲ್ಲಾಡಿಸಿದಳು.

"ಇದರಲ್ಲಿ ನಿಂತುಕೊಂಡು ನೋಡ್ತಾನೆ. ಅಮ್ಮ ಮಲಗಿದ್ದಾಳೆ."

"ಅದನ್ನೇ ನಾನು ಹೇಳೋಕೆ ಬಂದೆ," ಎಂದಳು ಮೇಷ್ಟ್ರು.

"ಹಾಗಾದ್ರೆ ಮಲಗಿ ನೋಡೋಣ," ಎಂದು ಅರ್ಧ ಇಂಚು ಹೊರಟೇಬಿಟ್ಟ.

ಮೂವರೂ ಅಂಗಡಿಗೆ ಇಳಿದರು. ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿದ. ಗುಂಡಿ ಹಾಕಲು ಕೊಟ್ಟಿದ್ದ ಅಂಗಿ ತೆಗೆದುಕೊಂಡು ಹೋಗಲು ಬಂದ ಒಬ್ಬ ಗಿರಾಕಿ ಬಾಗಿಲಲ್ಲೇ ಹೆದರಿ ಓಡಿಹೋದ. ಮಲಗಿದಲ್ಲಿಂದ ಅವನು ಒಂದು ಗಳಿಗೆ ಸೂರು ನೋಡಿದ. ಅತ್ತೆ ಒಂಬತ್ತು ದಿನದಿಂದ ನೋಡುತ್ತಿರುವುದು ಇದನ್ನೇ.  ಆಮೇಲೆ ಗೋಡೆಯ ಗೂಟದಲ್ಲಿ, ಹ್ಯಾಂಗರಿನ ಕಂಬಿಯ ಮೇಲೆ ಇಳಿಬಿದ್ದಿದ್ದ ಪ್ಯಾಂಟು ಕಣ್ಣಿಗೆ ಬಿತ್ತು. ಒಂದು ಕಾಲು ಈಚೆ, ಒಂದು ಕಾಲು ಆಚೆ.

"ಪ್ಯಾಂಟು!" ಎಂದು ಕೂಗಿದ. "ಪ್ಯಾಂಟು ಒಣಹಾಕಿದ ಹಾಗೆ ಕಣ್ರೇ! ಒಂದು ಕಾಲು ಅತ್ತೆ ಮುಖದ ಮೇಲೆ ಇಳೀಬೇಕು, ಇನ್ನೊಂದು ಕಾಲು ಕಿಟಕಿ ಆಚೆ ಬೀದಿ ಮೇಲೆ ಇಳೀಬೇಕು. ನಡುವೆ ಕಂಬಿ ಇರೋ ಜಾಗದಲ್ಲಿ ಉದ್ದ ಡಬ್ಬ!"

ಮೇಷ್ಟ್ರು ಪೆನ್ಸಿಲಿನಿಂದ ಗೆರೆ ಎಳೆದು ನೋಡಿದಳು. ಬೀದಿಯಿಂದ ಬೆಳಕು ಮೇಲಕ್ಕೆ ಬರುತ್ತದೆ, ಹೊರಗಿನ ಕನ್ನಡಿಗೆ ಬಡಿದು ಒಳಕ್ಕೆ ತಿರುಗುತ್ತದೆ, ಒಳಗಿನ ಕನ್ನಡಿಗೆ ಬಡಿದು ಕೆಳಗೆ ಅಜ್ಜಿಯ ಕಣ್ಣಿಗೆ ಇಳಿಯುತ್ತದೆ. ಮೂರು ಸಲ ಎಳೆದಳು, ಮೂರು ಸಲವೂ ಅಪ್ಪನದೇ ಸರಿ. ಜೀವನದಲ್ಲಿ ಮೊದಲ ಸಲ ತಿದ್ದಲು ಏನೂ ಸಿಗದೆ ಅವಳಿಗೆ ಬೇಜಾರಾಯಿತು.

"ಆದರೆ ಕನ್ನಡಿ ಸರಿಯಾಗಿ ನಲವತ್ತೈದು ಡಿಗ್ರಿ ಓರೆ ಇರಬೇಕು," ಎಂದಳು ಬಿಡದೆ. "ಒಂದು ಡಿಗ್ರಿ ಆಚೀಚೆ ಆದ್ರೂ ಆಗಲ್ಲ. ನನ್ನ ಕೋನಮಾಪಕ ಇಷ್ಟೇ ಇಷ್ಟಿದೆ. ಇಷ್ಟು ದೊಡ್ಡ ಡಬ್ಬಕ್ಕೆ ಹೇಗೆ ಅಳೆಯೋದು?"

ಅರ್ಧ ಇಂಚು ಒಂದು ಚೌಕ ಬಟ್ಟೆ ತೆಗೆದುಕೊಂಡ. ಒಂದು ಮೂಲೆಯನ್ನು ಹಿಡಿದು ಎದುರಿನ ಮೂಲೆಗೆ ಮಡಿಸಿದ, ಉಗುರಿನಿಂದ ಒಂದು ಗೀರು ಎಳೆದ, ಬಿಚ್ಚಿ ಮೇಜಿನ ಮೇಲೆ ಹರಡಿದ.

"ಇದೇ ತಾನೆ?"

ಮೇಷ್ಟ್ರು ಕೋನಮಾಪಕ ಇಟ್ಟು ನೋಡಿದಳು. ನಲವತ್ತೈದು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಇದಕ್ಕೆ ನಾವು ಕ್ರಾಸು ಅಂತೀವಿ. ದಿನಕ್ಕೆ ನಲವತ್ತು ಸಲ ಮಡಿಸ್ತೀನಿ. ಡಿಗ್ರಿ ಪಗ್ರಿ ಅಂತ ನಮ್ಮನ್ನ ಹೆದರಿಸ್ತೀಯಲ್ಲ!"

"ಅಪ್ಪನಿಗೆ ರೇಖಾಗಣಿತ ಬರುತ್ತೆ ಅಂತ ಯಾಕೆ ನನಗೆ ಯಾರೂ ಹೇಳಲಿಲ್ಲ?" ಎಂದಳು ಮಗಳು ಅಮ್ಮನ ಕಡೆ ತಿರುಗಿ.

"ನನಗೂ ಇವತ್ತೇ ಗೊತ್ತಾಗಿದ್ದು," ಎಂದಳು ಅಮ್ಮ.

ಕನ್ನಡಿಗೆ ಅವನು ಹಿಂದುಮುಂದು ನೋಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಹೊಸಬಟ್ಟೆ ತೊಟ್ಟು ನೋಡಿಕೊಳ್ಳುತ್ತಿದ್ದ ಆಳೆತ್ತರದ ನಿಲುಗನ್ನಡಿಯನ್ನೇ ಗೋಡೆಯಿಂದ ಇಳಿಸಿ, ಗಾಜು ಕತ್ತರಿಸುವವನ ಹತ್ತಿರ ಹೊತ್ತುಕೊಂಡು ಹೋಗಿ ಎರಡು ತುಂಡು ಮಾಡಿಸಿಕೊಂಡು ಬಂದ. ಮರುದಿನದಿಂದ ಗಿರಾಕಿಗಳು "ಕನ್ನಡಿ ಎಲ್ಲಿ?" ಎಂದರೆ, "ಕನ್ನಡಿ ಯಾಕೆ ಸಾರ್? ಚೆನ್ನಾಗಿದೆ ಅಂತ ನಾನು ಹೇಳ್ತಾ ಇದ್ದೀನಲ್ಲ!" ಎನ್ನುತ್ತಿದ್ದ. ಅವರೂ ನಂಬಿಕೊಂಡು ಹೋಗುತ್ತಿದ್ದರು. ಒಬ್ಬ ಮಾತ್ರ ತೋಳು ತಿರುವುಮುರುವಾಗಿದ್ದ ಅಂಗಿಯಲ್ಲೇ ಮದುವೆಗೆ ಹೋಗಿಬಂದನೆಂದು ಸುದ್ದಿ.

ಮುಂದಿನ ನಾಲ್ಕು ಸಂಜೆ ಆ ಮೇಜಿನ ಮೇಲೆ ಬಟ್ಟೆ ಬೀಳಲಿಲ್ಲ, ರಟ್ಟು ಬಿತ್ತು. ಹೆಂಡತಿ ಅಳತೆ ಹೇಳುವುದು, ಗಂಡ ಸೀಮೆಸುಣ್ಣದ ಬಿಲ್ಲೆಯಿಂದ ಗುರುತು ಹಾಕುವುದು, ಹೆಂಡತಿ ಗುರುತಿನ ಮೇಲೆ ಚಾಕು ಆಡಿಸುವುದು, ಮಗಳು ಅಂಟು ಬಳಿಯುವುದು. ಅಂಟು ಒಣಗುವವರೆಗೆ ಮೂವರೂ ಮೂರು ಕಡೆ ಒತ್ತಿ ಹಿಡಿದು ನಿಲ್ಲಬೇಕು. ಆಗ ಯಾರಿಗೆ ಮೂಗು ತುರಿಸಿದರೂ ಇನ್ನೊಬ್ಬರ ಭುಜಕ್ಕೆ ಉಜ್ಜಿಕೊಳ್ಳಬೇಕು. ಡಬ್ಬದ ಒಳಗೆಲ್ಲ ಕರೀ ಬಟ್ಟೆ ಅಂಟಿಸಿದರು. ಐದನೆಯ ಸಂಜೆ ಅದು ಮೇಜಿನ ಮೇಲೆ ಎದ್ದು ನಿಂತಾಗ, ಅಷ್ಟು ಚಂದದ ಡಬ್ಬವನ್ನು ಯಾವ ಜಲಾಂತರ್ಗಾಮಿ ಹಡಗಿನವರೂ ಯಾವ ಸಮುದ್ರದಲ್ಲೂ ಕಂಡಿರಲಾರರು.

ರಜೆಯ ದಿನ ಬೆಳಿಗ್ಗೆ ಅದನ್ನು ಮೇಲಕ್ಕೆ ಸಾಗಿಸಿದರು. ಕಿಟಕಿಯ ಕೆಳಪಟ್ಟಿಯ ಮೇಲೆ ಕೂರಿಸಿ, ಪರದೆಯ ಕಂಬಿಗೆ ಲಾಡಿ ಬಿಗಿದು, ಒಂದು ಬಾಯಿ ಬೀದಿಯ ಮೇಲೆ, ಒಂದು ಬಾಯಿ ಅತ್ತೆಯ ಮುಖದ ಮೇಲೆ ಬರುವಂತೆ ತೂಗುಹಾಕಿದರು. ಮಂಚಕ್ಕೆ ಒಂದು ಬೆರಳು ತಾಗಲಿಲ್ಲ.

"ಅತ್ತೆ, ನೋಡಿ," ಎಂದ ಅರ್ಧ ಇಂಚು. ಅಷ್ಟೇ ಹೇಳಲು ಅವನು ಮೆಟ್ಟಿಲುದ್ದಕ್ಕೂ ತಯಾರಿ ಮಾಡಿಕೊಂಡು ಬಂದಿದ್ದ.

ಅತ್ತೆ ನೋಡಿದರು.  ಅತ್ತೆ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಕಣ್ಣು ಮುಚ್ಚಿಕೊಂಡರು.

ಡಬ್ಬ ಮತ್ತೆ ಅಂಗಡಿಗೆ ಇಳಿಯಿತು. ಅರ್ಧ ಇಂಚು ಬಾಗಿಲ ಹತ್ತಿರ ಮುಖ ಸಪ್ಪಗೆ ಮಾಡಿಕೊಂಡು ಕುಳಿತ. ಹೆಂಡತಿ ಡಬ್ಬವನ್ನು ಎರಡು ಸ್ಟೂಲುಗಳ ಮೇಲಿಟ್ಟು ಅದರಡಿಯಲ್ಲಿ ತಾನೇ ಮಲಗಿದಳು. ಮಲಗಿದವಳು, "ಮೇಷ್ಟ್ರೇ, ಒಂದು ಸಲ ಮೆತ್ತಗೆ ತಟ್ಟು," ಎಂದಳು. ತಟ್ಟಿದರೆ ಒಳಗೆ ಕನ್ನಡಿ ಕಡಕಡ ಎಂದಿತು. "ಇನ್ನೊಂದು ಸಲ." ಕನ್ನಡಿ ಇನ್ನೊಂದು ಕಡೆಗೆ ವಾಲಿತು. ಅವಳು ಎದ್ದು ಕುಳಿತು, ಅಡಿಪಟ್ಟಿ ತೆಗೆದುಕೊಂಡು ಕನ್ನಡಿ ಕೂರುವ ಜಾಗವನ್ನು ಅಳೆದಳು. ಆಮೇಲೆ ಡಬ್ಬದ ಅಗಲ ಅಳೆದಳು. ಆಮೇಲೆ ಗಂಡನನ್ನು ನೋಡಿದಳು.

"ರೀ, ನಾನು ಹನ್ನೆರಡು ಇಂಚು ಅಂದಿದ್ದೆ."

ಅರ್ಧ ಇಂಚು ಕಾಲಿನ ಹೆಬ್ಬೆರಳನ್ನು ನೋಡಿಕೊಂಡ.

"ಇದು ಹನ್ನೆರಡೂವರೆ. ಇದೂ ಹನ್ನೆರಡೂವರೆ. ಇಲ್ಲಿ ಆರು ಅಂದಿದ್ದೆ, ಆರೂವರೆ! ಎಲ್ಲಾ ಕಡೆ ಬಿಟ್ಟಿದ್ದೀರಿ! ಯಾಕೆ, ಡಬ್ಬ ನಾಳೆ ದಪ್ಪ ಆಗುತ್ತಾ?"

"ಅಭ್ಯಾಸ ಕಣೇ," ಎಂದ ಅವನು ಸಣ್ಣ ದನಿಯಲ್ಲಿ. "ಬೇಕಂತ ಬಿಟ್ಟಿದ್ದಲ್ಲ. ಕೈ ತಾನಾಗಿ ಬಿಟ್ಟುಬಿಡ್ತು."

"ಅಮ್ಮ ಕಣ್ಣು ಬಿಟ್ಟು ಏನು ನೋಡಿದಳು ಗೊತ್ತಾ? ಕನ್ನಡಿ ವಾಲಿದ ಕಡೆ ಇರೋದು ಪಕ್ಕದ ಗೋಡೆಯ ಬಚ್ಚಲು ಪೈಪು! ಹದಿನೈದು ದಿನ ಆದಮೇಲೆ ಅವಳಿಗೆ ಪ್ರಪಂಚ ತೋರಿಸಿದ್ದು, ತೋರಿಸಿದ್ದು ಪೈಪು!"

ಮೇಷ್ಟ್ರು ನಗು ತಡೆಯಲಾರದೆ ಬಟ್ಟೆಯ ರಾಶಿಯೊಳಗೆ ಮುಖ ಹುದುಗಿಸಿಕೊಂಡಳು. ಹೆಂಡತಿಗೂ ನಗು ಬಂತು, ಆದರೆ ಗಂಡನ ಮುಖ ನೋಡಿ ಅದನ್ನು ನುಂಗಿಕೊಂಡಳು. ಹೊಸ ರಟ್ಟು ತಂದು ಮೇಜಿನ ಮೇಲೆ ಹರಡಿದಳು. ಚಾಕುವನ್ನು ಅವನ ಕೈಗೆ ಕೊಟ್ಟಳು.

"ಈ ಸಲ ಗುರುತು ಹಾಕೋರೂ ನೀವೇ, ಕತ್ತರಿಸೋರೂ ನೀವೇ. ಗೆರೆಯ ಮೇಲೆ. ಆಚೆ ಇಲ್ಲ, ಈಚೆ ಇಲ್ಲ."

ಹುಲಿಯ ಬಾಯಿಗೆ ಕೈ ಹಾಕು ಎಂದಿದ್ದರೆ ಅರ್ಧ ಇಂಚು ಹಾಕುತ್ತಿದ್ದ, ಹುಲಿಗೊಂದು ಕೋಟಿನ ಅಳತೆಯನ್ನೂ ತೆಗೆದುಕೊಂಡು ಬರುತ್ತಿದ್ದ. ಆದರೆ ಬಿಡದೆ ಕತ್ತರಿಸುವುದು? ಬಿಟ್ಟಿದ್ದರೆ ತಪ್ಪಾದರೂ ಬಿಚ್ಚಿ ಸರಿಮಾಡಬಹುದು ಎಂಬ ಧೈರ್ಯದ ಮೇಲೆ ಅವನ ಇಪ್ಪತ್ತು ವರ್ಷದ ಕೆಲಸ ನಿಂತಿತ್ತು. ಇಲ್ಲಿ ತಪ್ಪಿದರೆ ತಪ್ಪಿತು. ಅವನ ಹಣೆಯ ಬೆವರು ರಟ್ಟಿನ ಮೇಲೆ ಬೀಳದಂತೆ ಮಗಳು ಪಕ್ಕದಲ್ಲಿ ನಿಂತು ಒರೆಸಬೇಕಾಯಿತು. ಚಾಕು ಗೆರೆಯ ಮೇಲೆ ಕೂತಿತು. ಅವನ ಬೆರಳು ಅದನ್ನು ಆಚೆಗೆ ಎಳೆಯಿತು. ಅವನು ಈಚೆಗೆ ಎಳೆದ. ಬೆರಳಿಗೂ ಅವನಿಗೂ ಅಂಥ ಕುಸ್ತಿ ಅದಕ್ಕೆ ಮುಂಚೆ ನಡೆದಿರಲಿಲ್ಲ. ಒಂದು ಬದಿ ಮುಗಿಯುವಷ್ಟರಲ್ಲಿ ಅವನು ಮೂರು ಸಲ ನೀರು ಕುಡಿದ. ಎಂಟು ಬದಿ ಮುಗಿಯುವಷ್ಟರಲ್ಲಿ ಕೊಡ ಖಾಲಿ.

ಹೆಂಡತಿ ಅಳೆದಳು. ಹನ್ನೆರಡು. ಹನ್ನೆರಡು. ಆರು. ಆರು. ಕನ್ನಡಿಯನ್ನು ಜಾಗಕ್ಕೆ ಇಳಿಸಿದರೆ ಅದು 'ಚಕ್' ಎಂದು ಕೂತು, ಇನ್ನು ಏಳುವುದಿಲ್ಲ ಎಂದು ಹಟ ಹಿಡಿಯಿತು. ಅವಳು ತಟ್ಟಿದಳು, ಅಲುಗಾಡಿಸಿದಳು, ತಲೆಕೆಳಗು ಮಾಡಿದಳು.

"ನನ್ನ ಕೈಲೂ ಹೀಗೆ ಆಗ್ತಿರಲಿಲ್ಲ," ಎಂದಳು.

ಮದುವೆಯಾದ ಮೇಲೆ ಅವಳು ಅವನಿಗೆ ಕೊಟ್ಟ ದೊಡ್ಡ ಬಿರುದು ಅದೇ ಇರಬೇಕು.

ಹದಿನಾರನೆಯ ದಿನ ಬೆಳಿಗ್ಗೆ ಡಬ್ಬ ಎರಡನೆಯ ಸಲ ಮೂರು ಮಹಡಿ ಹತ್ತಿತು. ತೂಗುಹಾಕಿದ್ದಾಯಿತು. ಆದರೆ ಹೊರಗಿನ ಬಾಯಿ ಬೀದಿಯ ಮಧ್ಯಕ್ಕೆ ನೆಟ್ಟಗೆ ಬೀಳುವಂತೆ ಇನ್ನು ಸ್ವಲ್ಪ ಆಚೀಚೆ ಸರಿಸಬೇಕು. ಎಷ್ಟು ಸರಿಸಬೇಕು? ಅದನ್ನು ಹೇಳಬಲ್ಲವರು ಒಬ್ಬರೇ, ಒಳಗಿನ ಬಾಯಿಯ ಕೆಳಗೆ ಕಣ್ಣಿರುವವರು. ಅವರೋ ಮಾತೇ ಆಡುತ್ತಿಲ್ಲ! ಮಂಚಕ್ಕೆ ಒರಗಿ ಬೇರೆಯವರು ಇಣುಕುವಂತೆಯೂ ಇಲ್ಲ.

"ನಾನು ಅಜ್ಜಿ ಕಣ್ಣು ನೋಡ್ತಿರ್ತೀನಿ," ಎಂದಳು ಮೇಷ್ಟ್ರು. "ಏನಾದ್ರೂ ಕಂಡರೆ ಕಣ್ಣು ಅದರ ಹಿಂದೆ ಓಡುತ್ತೆ. ಅಪ್ಪ, ನೀನು ಕೆಳಗೆ ಹೋಗಿ ಬೀದೀಲಿ ಓಡಾಡು. ಕೆಂಪು ಬಟ್ಟೆ ಬೀಸು."

ಹೆಂಡತಿ ಡಬ್ಬವನ್ನು ಹಿಡಿದು ನಿಂತಳು. ಅರ್ಧ ಇಂಚು ಒಂದು ಗಜ ಕೆಂಪು ಬಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದ.

ಬೀದಿಗೆ ಬಂದು ಕತ್ತೆತ್ತಿದರೆ, ಮೂರನೇ ಮಹಡಿಯ ಕಿಟಕಿಯಿಂದ ಕರೀ ಬಾಯಿಯೊಂದು ಕೆಳಗೆ ನೋಡುತ್ತಿದೆ. ಅವನು ಬಟ್ಟೆ ಬೀಸಿದ. ಮಗಳ ತಲೆ ಕಿಟಕಿಯಲ್ಲಿ ಕಂಡಿತು: "ಇಲ್ಲ!" ಎರಡು ಹೆಜ್ಜೆ ಎಡಕ್ಕೆ ಸರಿದ. "ಇಲ್ಲ!" ಬಲಕ್ಕೆ ಸರಿದ. "ಇನ್ನೂ ಇಲ್ಲ!" ಹಣ್ಣಿನ ಗಾಡಿಯವನು, "ಏನಣ್ಣಾ, ರೈಲು ನಿಲ್ಲಿಸ್ತಿದ್ದೀಯಾ?" ಎಂದು ಕೇಳಿದ. ಪಾದಚಾರಿ ಹಾದಿಗೆ ಸಿಮೆಂಟು ಹಾಕುತ್ತಿದ್ದ ಗಾರೆಯವನು ಕರಣೆ ಕೆಳಗಿಟ್ಟು ತಮಾಷೆ ನೋಡಿದ. ಅರ್ಧ ಇಂಚಿಗೆ ನಾಚಿಕೆಯೂ ಇಲ್ಲ, ಏನೂ ಇಲ್ಲ. ಕುಣಿದ, ಕುಪ್ಪಳಿಸಿದ, ಬಟ್ಟೆಯನ್ನು ತಲೆಯ ಮೇಲೆ ಗಿರಗಿರ ತಿರುಗಿಸಿದ. ಹಾಗೆ ಒಂದು ಗಂಡಸು ಹಾಡುಹಗಲಲ್ಲಿ ತನ್ನ ಅತ್ತೆಗೋಸ್ಕರ ಕುಣಿದದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ.

"ಅಪ್ಪಾ!" ಮಗಳ ಕೂಗು ಚೀರಾಟವಾಯಿತು. "ಓಡ್ತಾ ಇದೆ! ಅಜ್ಜಿ ಕಣ್ಣು ಓಡ್ತಾ ಇದೆ! ಹಾಗೇ ಹಿಂದಕ್ಕೆ ಹೋಗು, ಹಿಂದಕ್ಕೆ!"

ಅವನು ಕಣ್ಣನ್ನು ಆ ಕರೀ ಬಾಯಿಯ ಮೇಲೆ ನೆಟ್ಟು ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು ಹೆಜ್ಜೆ. ಇನ್ನೊಂದು.

ಆಗ ಆಕಾಶ ಮಾತಾಡಿತು.

"ಅಳಿಯಂದಿರೇ! ನಿಲ್ಲೀ! ಹಿಂದೆ ಹಸಿ ಸಿಮೆಂಟು!"

ಬೀದಿಯನ್ನು ಮೇಲಕ್ಕೆ ಕೊಂಡೊಯ್ಯಲು ಕಟ್ಟಿದ ಡಬ್ಬ, ಅತ್ತೆಯ ದನಿಯನ್ನು ಬೀದಿಗೆ ತಂದು ಸುರಿಯಿತು. ಯಾರೂ ಲೆಕ್ಕ ಹಾಕಿರಲಿಲ್ಲ ಅದನ್ನು, ಮೇಷ್ಟ್ರು ಕೂಡ. ಹದಿನಾರು ದಿನ ಕೂಡಿಟ್ಟ ದನಿ ರಟ್ಟಿನ ಕೊಳವೆಯಲ್ಲಿ ಗುಂಡಿನ ಹಾಗೆ ಇಳಿದುಬಂತು. ಪಾರಿವಾಳಗಳು ಒಂದೇ ಸಲ ಎದ್ದವು. ಗಾಡಿಯಿಂದ ಮೂರು ಕಿತ್ತಳೆ ಉರುಳಿದವು. ನಾಲ್ಕು ಬೀದಿಯಾಚೆ ಒಬ್ಬ ಅಳಿಯ ಯಾಕೋ ತಿಳಿಯದೆ ಎದ್ದು ನಿಂತನಂತೆ.

ಅರ್ಧ ಇಂಚಿಗೆ ಮಾತು ಕೇಳಿಸಲಿಲ್ಲ. ದನಿ ಕೇಳಿಸಿತು, ಅಷ್ಟೆ. ಅತ್ತೆಯ ದನಿ! ಅವನ ಮುಖವೆಲ್ಲ ನಗುವಾಗಿ, ಕಣ್ಣು ಮಂಜಾಗಿ, ಆ ಸಂತೋಷದಲ್ಲಿ ಇನ್ನೊಂದು ಹೆಜ್ಜೆ ಹಿಂದಿಟ್ಟ. ಎರಡೂ ಕಾಲು ಹಸಿ ಸಿಮೆಂಟಿನಲ್ಲಿ ಹರಡಿನವರೆಗೆ ಇಳಿದವು.

"ಅಯ್ಯೋ ನನ್ನ ಕೆಲಸ!" ಎಂದ ಗಾರೆಯವನು.

"ಹೋದರು! ಇಳಿದರು!" ಎಂದಿತು ಆಕಾಶ. "ನಿಲ್ಲಿ ಅಂದರೆ ನಿಲ್ಲೋಕೆ ಬರಲ್ವಾ? ಬೆನ್ನಲ್ಲಿ ಕಣ್ಣಿಟ್ಟುಕೊಂಡು ಹುಟ್ಟಿದ್ದೀರಾ? ನನ್ನ ಮಗಳಿಗೆ ಎಂಥ ಗಂಡನ್ನ ಹುಡುಕಿದೆನಪ್ಪಾ, ನೆಟ್ಟಗೆ ಹಿಂದಕ್ಕೂ ನಡೆಯೋಕೆ ಬರದ ದಂಡಪಿಂಡ!"

ಅರ್ಧ ಇಂಚು ಸಿಮೆಂಟಿನಲ್ಲಿ ನಿಂತುಕೊಂಡೇ ಕತ್ತೆತ್ತಿದ. ಕೆಂಪು ಬಟ್ಟೆಯಿಂದ ಕಣ್ಣೊರೆಸಿಕೊಂಡ.

"ಅತ್ತೇ!" ಎಂದು ಕೂಗಿದ. "ಅವತ್ತು ನೆಲದ ಮೇಲೆ ರೀಲು ಬಿಟ್ಟಿದ್ದು ನಾನೇ! ತಪ್ಪಾಯ್ತು!"

ಬೀದಿಯವರೆಲ್ಲ ಮೇಲೆ ನೋಡಿದರು. 

"ಅದಕ್ಕೆ ಆಮೇಲೆ ಬೇರೆ ಬೈತೀನಿ," ಎಂದಿತು ಡಬ್ಬ. ಈ ಸಲ ದನಿ ಸ್ವಲ್ಪ ಒಡೆದಿತ್ತು. "ಮೊದಲು ಕಾಲು ಕಿತ್ಕೊಳ್ಳಿ. ಒಣಗಿಬಿಟ್ಟರೆ ಅಲ್ಲೇ ವಿಗ್ರಹದ ಹಾಗೆ ನಿಂತಿರ್ತೀರಿ, ಜನ ಬಂದು ನನ್ನನ್ನ ಕೇಳ್ತಾರೆ ಇದು ಯಾವ ಮಹಾಪುರುಷ ಅಂತ. ನಾನು ಏನು ಹೇಳಲಿ?"

ಗಾರೆಯವನೂ ಹಣ್ಣಿನವನೂ ಒಂದೊಂದು ತೋಳು ಹಿಡಿದು ಎಳೆದು ಅವನನ್ನು ಕಿತ್ತು ಹೊರಗೆ ನಿಲ್ಲಿಸಿದರು. ಗಾರೆಯವನು ಗೊಣಗುತ್ತ ಕರಣೆ ಎತ್ತಿಕೊಂಡ. "ಅಲ್ಲಲ್ಲ," ಎಂದಿತು ಆಕಾಶ ಅವನಿಗೂ, "ಎಡಗಡೆ ತಗ್ಗಿದೆ, ನೀರು ನಿಲ್ಲುತ್ತೆ. ಇಲ್ಲಿಂದ ಎಲ್ಲ ಕಾಣುತ್ತೆ ನನಗೆ." ಗಾರೆಯವನು ಬಗ್ಗಿ ನೋಡಿದ. ನಿಜವಾಗಿಯೂ ತಗ್ಗಿತ್ತು. ತೆಪ್ಪಗೆ ತಿದ್ದಿದ.

ಮೇಲಿನಿಂದ ಮಗಳೂ ಅಮ್ಮನೂ ಒಬ್ಬರ ಮಾತಿನ ಮೇಲೊಬ್ಬರು ಕೂಗುತ್ತಿದ್ದರು. "ಅಪ್ಪಾ, ಅಜ್ಜಿಗೂ ಈಗ ಕೆಲಸ ಸಿಕ್ತಲ್ಲ! ಡಬ್ಬ ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ಅವರೇ! ಹಾಗಂತ ಬರೀತೀನಿ ನಾನು!" "ರೀ, ಡಬ್ಬ ಬಿಡಲಾ? ಕೈ ಬಿದ್ದುಹೋಗ್ತಿದೆ!"

"ಬಿಡಬೇಡ, ಸ್ವಲ್ಪ ಬಲಕ್ಕೆ," ಎಂದರು ಅತ್ತೆ. "ಇನ್ನು ಚೂರು. ಹಾಂ, ಅಲ್ಲೇ ಕಟ್ಟು. ಎಲ್ಲರದೂ ಬರೀ ನೆತ್ತಿ ಕಾಣುತ್ತೆ ನೋಡು ಇಲ್ಲಿಂದ. ಯಾರ ತಲೆಯೊಳಗೆ ಏನಿದೆ ಅಂತ ಈಗ ಗೊತ್ತಾಗ್ತಿದೆ. ಅಳಿಯಂದಿರೇ, ಹೊರಟುಬಿಟ್ಟಿರಾ? ನಿಲ್ಲಿ. ಅಲ್ಲಿ ಗಾಡೀಲಿ ಕಿತ್ತಳೆ ಇದೆಯಲ್ಲ?"

ಅರ್ಧ ಇಂಚು ನಿಂತ. "ಇದೆ, ಅತ್ತೆ."

"ಎರಡು ತನ್ನಿ. ಬಾಯಿ ಕೆಟ್ಟುಹೋಗಿದೆ, ತಿನ್ನಬೇಕು ಅನ್ನಿಸ್ತಿದೆ."

 ಅವನು ಹೆಜ್ಜೆಗೊಂದು ಬೂದುಬಣ್ಣದ ಗುರುತು ಬಿಡುತ್ತ ಗಾಡಿಯ ಹತ್ತಿರ ಹೋದ. ಹಣ್ಣಿನವನು ಪಕ್ಕಕ್ಕೆ ಸರಿದು ನಿಂತ. ಅರ್ಧ ಇಂಚು ರಾಶಿಯಲ್ಲೇ ದೊಡ್ಡದೊಂದನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಆಕಾಶಕ್ಕೆ ತೋರಿಸಿದ.

"ಅದಲ್ಲ," ಎಂದರು ಅತ್ತೆ. "ಅದರ ಪಕ್ಕದ್ದು."